ಮೊಂಟಾನಾದ ರೈತ ಸೆನೆಟರ್ ಮೂರು ಬಾರಿ ಗೆದ್ದು ನಾಲ್ಕನೆಯ ಬಾರಿ ಸೋತದ್ದೇಕೆ?

ಪೆರ್ಲದ ಓದುಗ:

ಮಾನ್ಯರೇ, ನಮ್ಮ ಊರಿನ ಗ್ರಂಥಾಲಯದಲ್ಲಿ ಹೊರದೇಶಗಳ ಚುನಾವಣೆಗಳನ್ನು ಕುರಿತು ಒಂದು ಸಂವಾದವನ್ನು ಇರಿಸಿಕೊಂಡಿದ್ದೇವೆ. ಅಮೆರಿಕದ ಮೊಂಟಾನಾ ರಾಜ್ಯದ ಸೆನೆಟರ್ ಆಗಿದ್ದ ಜಾನ್ ಟೆಸ್ಟರ್ ಅವರ ಮರುಚುನಾವಣೆಯ ವಿಷಯವನ್ನು ಮಂಡಿಸುವ ಹೊಣೆ ನನ್ನ ಪಾಲಿಗೆ ಬಂದಿದೆ. ಬಿಗ್ ಸ್ಯಾಂಡಿ ಎಂಬ ಸಣ್ಣ ಊರಿನ ಬಳಿ ಅಜ್ಜನ ಕಾಲದಿಂದ ಬಂದ ಹೊಲವನ್ನು ಉಳುತ್ತಿದ್ದ, ಬಾಲ್ಯದಲ್ಲಿ ಮಾಂಸ ಅರೆಯುವ ಯಂತ್ರಕ್ಕೆ ಎಡಗೈಯ ಮೂರು ಬೆರಳುಗಳನ್ನು ಕಳೆದುಕೊಂಡ, ಊರ ಶಾಲೆಯಲ್ಲಿ ಸಂಗೀತ ಕಲಿಸಿದ್ದ ಈ ಮನುಷ್ಯ, ರಿಪಬ್ಲಿಕನ್ ಪಕ್ಷಕ್ಕೆ ಒಲಿದಿರುವ ಆ ಗ್ರಾಮೀಣ ರಾಜ್ಯದಿಂದ ಡೆಮಾಕ್ರಾಟಿಕ್ ಪಕ್ಷದ ಅಭ್ಯರ್ಥಿಯಾಗಿ 2006, 2012 ಮತ್ತು 2018ರಲ್ಲಿ ಗೆದ್ದರು. 2024ರಲ್ಲಿ ಮಾತ್ರ ರಿಪಬ್ಲಿಕನ್ ಪಕ್ಷದ ಟಿಮ್ ಶೀಹಿ ಎಂಬ ಹೊಸಬರ ಎದುರು ಸೋತರು.

ಓದಿದ ಲೇಖನಗಳಲ್ಲಿ ಬಹುಪಾಲು, ‘ಜನರು ಅವರನ್ನು ಕೈಬಿಟ್ಟರು’ ಎಂದಷ್ಟೇ ಹೇಳಿ ಮುಗಿಸುತ್ತವೆ. ಹದಿನೆಂಟು ವರ್ಷ ಕೈಹಿಡಿದ ಜನ ಒಮ್ಮೆಲೇ ಕೈಬಿಡುತ್ತಾರೆಯೇ ಎಂಬುದು ನನ್ನ ಪ್ರಶ್ನೆ. ಅಭ್ಯರ್ಥಿಯ ಮೇಲಿನ ವೈಯಕ್ತಿಕ ವಿಶ್ವಾಸ ಒಂದು ಚುನಾವಣೆಯಲ್ಲಿ ಎಷ್ಟರಮಟ್ಟಿಗೆ ಕೆಲಸ ಮಾಡುತ್ತದೆ? 2016ರಲ್ಲಿ 89 ಮತಗಳಿಂದ, 2021ರಲ್ಲಿ 745 ಮತಗಳಿಂದ ಫಲಿತಾಂಶ ತೀರ್ಮಾನವಾದ ಮಂಜೇಶ್ವರ ಕ್ಷೇತ್ರದಲ್ಲಿ ಕುಳಿತು ಕೇಳುವ ನಮಗೆ ಇದು ದೂರದ ಪ್ರಶ್ನೆಯಲ್ಲ. ತಿಳಿದವರು ದಯವಿಟ್ಟು ವಿವರಿಸಬೇಕು.

ಕುಂಬಳೆಯ ನಿವೃತ್ತ ಅಧ್ಯಾಪಕ:

ಪೆರ್ಲದ ಓದುಗರೇ, ‘ಕೈಬಿಟ್ಟರು’ ಎಂಬ ಮಾತನ್ನು ಒಪ್ಪುವ ಮೊದಲು ಲೆಕ್ಕವನ್ನು ನೋಡೋಣ. 2018ರಲ್ಲಿ ಗೆದ್ದಾಗ ಟೆಸ್ಟರ್ ಅವರಿಗೆ ಬಿದ್ದ ಮತಗಳು ಸುಮಾರು 2.54 ಲಕ್ಷ, 2024ರಲ್ಲಿ ಸೋತಾಗ ಬಿದ್ದವು ಸುಮಾರು 2.76 ಲಕ್ಷ. ಎಂದರೆ ಸೋತ ವರ್ಷದಲ್ಲಿ ಅವರಿಗೆ ಹೆಚ್ಚು ಮತಗಳೇ ಬಂದಿವೆ. ಆದರೆ ಶೀಹಿಯವರಿಗೆ ಸುಮಾರು 3.2 ಲಕ್ಷ ಮತಗಳು ಬಂದವು.

ಇನ್ನೂ ಮುಖ್ಯವಾದ ಹೋಲಿಕೆ ಅಧ್ಯಕ್ಷರ ಚುನಾವಣೆಯೂ ಜೊತೆಗೇ ನಡೆದ ಎರಡು ವರ್ಷಗಳದ್ದು. 2012ರಲ್ಲಿ ಮೊಂಟಾನಾದಲ್ಲಿ ಬರಾಕ್ ಒಬಾಮ ಅವರಿಗೆ ಸುಮಾರು ಶೇ. 41.7 ಮತ ಬಿದ್ದರೆ, ಅದೇ ಮತಪತ್ರದಲ್ಲಿ ಅದೇ ಪಕ್ಷದ ಟೆಸ್ಟರ್ ಅವರಿಗೆ ಶೇ. 48.6 ಬಿತ್ತು. 2024ರಲ್ಲಿ ಕಮಲಾ ಹ್ಯಾರಿಸ್ ಅವರಿಗೆ ಶೇ. 38.5, ಟೆಸ್ಟರ್ ಅವರಿಗೆ ಶೇ. 45.5. ಎರಡೂ ಸಲ ತಮ್ಮ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಗಿಂತ ಅವರು ಏಳು ಅಂಶ ಮುಂದಿದ್ದರು. ನೂರು ಮತದಾರರಲ್ಲಿ ಏಳು ಮಂದಿ ಅಧ್ಯಕ್ಷ ಸ್ಥಾನಕ್ಕೆ ಒಂದು ಪಕ್ಷಕ್ಕೆ, ಸೆನೆಟಿಗೆ ಇನ್ನೊಂದು ಪಕ್ಷಕ್ಕೆ ಗುರುತು ಹಾಕುವುದು ಇಂದಿನ ಅಮೆರಿಕದಲ್ಲಿ ಸಣ್ಣ ಸಂಗತಿಯಲ್ಲ. ಅವರ ಮೇಲಿದ್ದ ವೈಯಕ್ತಿಕ ವಿಶ್ವಾಸ ಹನ್ನೆರಡು ವರ್ಷಗಳಲ್ಲಿ ಕರಗಲಿಲ್ಲ ಎಂದೇ ನಾನು ಇದನ್ನು ಓದುತ್ತೇನೆ.

ಕರಗಿದ್ದು ಅವರ ಕಾಲ ಕೆಳಗಿನ ನೆಲ, ಅಂದರೆ ಆ ರಾಜ್ಯದಲ್ಲಿ ಅವರ ಪಕ್ಷಕ್ಕಿದ್ದ ಬಲ. ಅದು ಮೂರು ಅಂಶ ಇಳಿಯಿತು. ಇದರ ಜೊತೆಗೆ ಬಹಳ ಜನ ಮರೆಯುವ ಇನ್ನೊಂದು ಕಾರಣವಿದೆ. 2012ರಲ್ಲಿ ಲಿಬರ್ಟೇರಿಯನ್ ಎಂಬ ಮೂರನೆಯ ಸಣ್ಣ ಪಕ್ಷದ ಅಭ್ಯರ್ಥಿ ಶೇ. 6.6ರಷ್ಟು ಮತ ಪಡೆದಿದ್ದರಿಂದ ಶೇ. 50 ದಾಟದೆಯೂ ಟೆಸ್ಟರ್ ಗೆದ್ದರು. ಎದುರಾಳಿ ಡೆನ್ನಿ ರೆಬರ್ಗ್ ಅವರಿಗೆ ಸಿಕ್ಕಿದ್ದು ಶೇ. 44.9 ಮಾತ್ರ. 2006ರಲ್ಲಿಯೂ, ಲಾಬಿಗಾರ ಅಬ್ರಮಾಫ್ ಹಗರಣದಲ್ಲಿ ಹೆಸರು ಕೆಡಿಸಿಕೊಂಡಿದ್ದ ಕಾನ್ರಾಡ್ ಬರ್ನ್ಸ್ ಅವರನ್ನು ಸುಮಾರು 3,500 ಮತಗಳಿಂದಷ್ಟೇ ಮಣಿಸಿದ್ದರು. 50ರ ಗೆರೆಯನ್ನು ದಾಟಿದ್ದು 2018ರಲ್ಲಿ ಒಮ್ಮೆ ಮಾತ್ರ, ಅದೂ ಡೊನಾಲ್ಡ್ ಟ್ರಂಪ್ ಅವರ ಹೆಸರು ಮತಪತ್ರದಲ್ಲಿ ಇಲ್ಲದಿದ್ದ ವರ್ಷದಲ್ಲಿ. 2024ರಲ್ಲಿ ಇತರ ಎಲ್ಲರೂ ಸೇರಿ ಪಡೆದದ್ದು ಸುಮಾರು ಶೇ. 2. ಮತ ಹಂಚಿಹೋಗುವ ಅನುಕೂಲ ತಪ್ಪಿದ ಮೇಲೆ ಏಳು ಅಂಶಗಳ ವಿಶ್ವಾಸ ಸಾಲದೆ ಹೋಯಿತು. ತ್ರಿಕೋನ ಸ್ಪರ್ಧೆ ಎಂದರೇನೆಂದು ಮಂಜೇಶ್ವರದವರಿಗೆ ನಾನು ವಿವರಿಸಬೇಕಾಗಿಲ್ಲ.

ಎಣ್ಮಕಜೆ ನಿವಾಸಿ:

ಮಾಸ್ಟ್ರು ಕೊಟ್ಟ ಲೆಕ್ಕ ಸ್ಪಷ್ಟವಾಗಿದೆ. ಆ ಏಳು ಅಂಶದ ವಿಶ್ವಾಸ ಎಲ್ಲಿಂದ ಬಂತು ಎಂಬುದನ್ನು ನಾನು ಸ್ವಲ್ಪ ಸೇರಿಸಬಯಸುತ್ತೇನೆ, ಏಕೆಂದರೆ ಅದರಲ್ಲೊಂದು ಕೆಲಸ ನಮ್ಮ ಪಂಚಾಯತಿನವರ ಎದೆಗೆ ತಾಗುವಂಥದ್ದು.

ಇರಾಕ್ ಮತ್ತು ಅಫ್ಘಾನಿಸ್ತಾನದ ಸೈನಿಕ ಶಿಬಿರಗಳಲ್ಲಿ ಪ್ಲಾಸ್ಟಿಕ್, ರಾಸಾಯನಿಕ, ಆಸ್ಪತ್ರೆಯ ತ್ಯಾಜ್ಯ ಎಲ್ಲವನ್ನೂ ದೊಡ್ಡ ಹೊಂಡಗಳಲ್ಲಿ ಹಾಕಿ ಸುಡುತ್ತಿದ್ದರು. ಆ ಹೊಗೆಯನ್ನು ಉಸಿರಾಡಿದ ಸೈನಿಕರು ಊರಿಗೆ ಮರಳಿದ ಮೇಲೆ ಕ್ಯಾನ್ಸರ್‌ಗೆ, ಶ್ವಾಸಕೋಶದ ಕಾಯಿಲೆಗೆ ತುತ್ತಾದರು. ಚಿಕಿತ್ಸೆ ಮತ್ತು ಪರಿಹಾರ ಕೇಳಲು ಹೋದರೆ, ‘ನಿಮ್ಮ ಕಾಯಿಲೆ ಆ ಹೊಗೆಯಿಂದಲೇ ಬಂದದ್ದು ಎಂಬುದಕ್ಕೆ ಪುರಾವೆ ಕೊಡಿ’ ಎಂಬ ಉತ್ತರ ಸಿಗುತ್ತಿತ್ತು. ಹಾಸಿಗೆ ಹಿಡಿದ ಮನುಷ್ಯ ಹತ್ತು ವರ್ಷ ಹಿಂದಿನ ಹೊಗೆಗೆ ಪುರಾವೆಯನ್ನು ಎಲ್ಲಿಂದ ತರಬೇಕು? ಸೆನೆಟಿನ ಮಾಜಿ ಸೈನಿಕರ ಸಮಿತಿಗೆ ಅಧ್ಯಕ್ಷರಾಗಿದ್ದ ಟೆಸ್ಟರ್, ಕ್ಯಾನ್ಸಾಸಿನ ರಿಪಬ್ಲಿಕನ್ ಸೆನೆಟರ್ ಜೆರಿ ಮೊರಾನ್ ಅವರನ್ನು ಜೊತೆಗಿರಿಸಿಕೊಂಡು ಪ್ಯಾಕ್ಟ್ ಕಾಯ್ದೆಯನ್ನು ತಂದರು. ಇಂಥ ಸ್ಥಳದಲ್ಲಿ ಸೇವೆ ಸಲ್ಲಿಸಿದವರಿಗೆ ಪಟ್ಟಿಯಲ್ಲಿರುವ ಕಾಯಿಲೆಗಳಲ್ಲೊಂದು ಬಂದಿದ್ದರೆ, ಅದು ಸೇವೆಯಿಂದಲೇ ಬಂದದ್ದೆಂದು ಸರಕಾರವೇ ಭಾವಿಸಬೇಕು ಎಂಬುದು ಅದರ ತಿರುಳು. 2022ರ ಜುಲೈ ಕೊನೆಯಲ್ಲಿ ಮಸೂದೆಗೆ ತಡೆ ಬಿದ್ದಾಗ ಮಾಜಿ ಸೈನಿಕರು ಸಂಸತ್ ಭವನದ ಮೆಟ್ಟಿಲುಗಳ ಮೇಲೆಯೇ ಹಗಲು ರಾತ್ರಿ ಕುಳಿತರು. ಆಗಸ್ಟ್ 2ರಂದು ಅದು 86–11 ಮತಗಳಿಂದ ಅಂಗೀಕಾರವಾಯಿತು.

ಗೇರು ತೋಟಗಳ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಿಕೊಂಡ ನಮ್ಮ ಊರುಗಳಲ್ಲಿ, ಅಮ್ಮಂದಿರು ಮಕ್ಕಳನ್ನು ಎತ್ತಿಕೊಂಡು ವೈದ್ಯಕೀಯ ಶಿಬಿರದಿಂದ ಶಿಬಿರಕ್ಕೆ ಅಲೆದದ್ದು ಇದೇ ಪುರಾವೆಗಾಗಿ ಅಲ್ಲವೇ? ಪಟ್ಟಿಯಲ್ಲಿ ಹೆಸರು ಬಂತೇ, ಬಿಟ್ಟುಹೋಯಿತೇ ಎಂದು ಕಾದವರ ಮನೆಗಳು ನನ್ನ ಮನೆಯ ಆಚೆ ಈಚೆ ಇವೆ. ಪ್ರತಿಯೊಬ್ಬ ಸಂತ್ರಸ್ತರಿಗೂ 5 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಆದೇಶಿಸಿದ ಮೇಲೆಯೂ, ವಿಳಂಬಕ್ಕಾಗಿ 2022ರಲ್ಲಿ ಅದೇ ನ್ಯಾಯಾಲಯ ಮತ್ತೆ ಗದರಿಸಬೇಕಾಗಿ ಬಂತು. ಆದುದರಿಂದ, ಪುರಾವೆಯ ಹೊರೆಯನ್ನು ರೋಗಿಯ ತಲೆಯಿಂದ ಇಳಿಸಿದ ಒಬ್ಬ ಜನಪ್ರತಿನಿಧಿಯನ್ನು ನಾನು ಸೋಲು ಗೆಲುವಿನ ಲೆಕ್ಕದಲ್ಲಿ ಮಾತ್ರ ನೋಡಲಾರೆ. ಮಾಜಿ ಸೈನಿಕರ ಪ್ರಮಾಣ ಬಹಳ ಹೆಚ್ಚಿರುವ ಮೊಂಟಾನಾದಲ್ಲಿ ಅವರು ಈ ಕೆಲಸವನ್ನು ಮುಂದಿಟ್ಟೇ ಪ್ರಚಾರ ಮಾಡಿದರು. ನಿಮ್ಮ ಸಂವಾದದಲ್ಲಿ ಇದಕ್ಕೆ ಹತ್ತು ನಿಮಿಷವಾದರೂ ಕೊಡಿ ಎಂದು ಕೇಳಿಕೊಳ್ಳುತ್ತೇನೆ.

ವರ್ಕಾಡಿಯ ಕೃಷಿಕ:

ಇಬ್ಬರ ಬರಹವನ್ನೂ ಗೌರವದಿಂದ ಓದಿದೆ. ಆದರೆ ಒಳ್ಳೆಯ ಪ್ರತಿನಿಧಿಯನ್ನು ಸೋಲಿಸಿದ ಮತದಾರರು ದಾರಿ ತಪ್ಪಿದವರು ಎಂಬ ಭಾವನೆ ಎಲ್ಲಿಯೂ ಬರಬಾರದು ಎಂದು ನನ್ನ ಕಳಕಳಿ. ಹಳ್ಳಿಯವರ ಮತದ ಬಗ್ಗೆ ಪೇಟೆಯವರು ಹೀಗೆ ಮಾತಾಡುವುದನ್ನು ನಾವೂ ಬೇಕಾದಷ್ಟು ಕೇಳಿದ್ದೇವೆ.

ಮೊಂಟಾನಾದ ರೈತರು ಟೆಸ್ಟರ್ ಅವರನ್ನು ಮೆಚ್ಚಿದ್ದಕ್ಕೆ ಗಟ್ಟಿ ಕಾರಣಗಳಿದ್ದವು. ತೋಳಗಳು ಹಟ್ಟಿಯ ದನಕರುಗಳ ಮೇಲೆ ಬೀಳುತ್ತಿದ್ದಾಗ, ಆ ರಾಜ್ಯದ ತೋಳಗಳನ್ನು ಸಂರಕ್ಷಿತ ಪ್ರಾಣಿಗಳ ಪಟ್ಟಿಯಿಂದ ಕೈಬಿಡುವ ಅಂಶವನ್ನು 2011ರ ಬಜೆಟ್ ಮಸೂದೆಯಲ್ಲಿ ಸೇರಿಸಿದವರಲ್ಲಿ ಅವರೊಬ್ಬರು. ಪರಿಸರವಾದಿಗಳು ಅದನ್ನು ಕಟುವಾಗಿ ವಿರೋಧಿಸಿದರು. ಕಾಡುಹಂದಿಗಳು ಒಂದೇ ರಾತ್ರಿಯಲ್ಲಿ ಮರಗೆಣಸಿನ ಗದ್ದೆಯನ್ನು ಬುಡಮೇಲು ಮಾಡಿದ್ದನ್ನು ಬೆಳಗ್ಗೆ ನಿಂತು ನೋಡಿದ ನನಗೆ, ಅಲ್ಲಿನ ದನಗಾಹಿಗಳ ನಿಲುವು ಅರ್ಥವಾಗುತ್ತದೆ. ಸಣ್ಣ ರೈತರು ತಮ್ಮ ಬೆಳೆಯನ್ನು ನೇರವಾಗಿ ಮಾರುವಾಗ ದೊಡ್ಡ ಕಂಪನಿಗಳ ಮೇಲಿನ ನಿಯಮಗಳೆಲ್ಲ ಅವರ ಕೊರಳಿಗೆ ಬೀಳದಂತೆ, ಆಹಾರ ಸುರಕ್ಷತೆಯ ಕಾಯ್ದೆಯಲ್ಲಿ ವಿನಾಯಿತಿ ಬರೆಸಿದವರೂ ಅವರೇ.

ಆದರೆ ಅದೇ ರೈತನಿಗೆ ದೇಶದ ಗಡಿಯ ಬಗ್ಗೆ, ಬೆಲೆ ಏರಿಕೆಯ ಬಗ್ಗೆ, ಅಧ್ಯಕ್ಷ ಬೈಡನ್ ಅವರ ಆಡಳಿತದ ಬಗ್ಗೆಯೂ ಅಭಿಪ್ರಾಯವಿತ್ತು. ನೌಕಾದಳದ ಸೀಲ್ ಎಂಬ ವಿಶೇಷ ಕಮಾಂಡೊ ಪಡೆಯಲ್ಲಿ ಕೆಲಸ ಮಾಡಿ, ಕಾಡ್ಗಿಚ್ಚು ನಂದಿಸುವ ವಿಮಾನಗಳ ಕಂಪನಿ ಕಟ್ಟಿದ ಶೀಹಿಯವರು ಆ ಅಭಿಪ್ರಾಯಕ್ಕೆ ಸರಿಹೊಂದಿದರು. ಅವರು 2014ರಲ್ಲಿ ಹೊರಗಿನಿಂದ ಬಂದು ನೆಲೆಸಿದವರು ಎಂಬ ಟೀಕೆ ಹೆಚ್ಚು ನಾಟಲಿಲ್ಲ. ಹೊರಗಿನಿಂದ ಬಂದು ನೆಲೆಸಿದ ಮತದಾರರೇ ಆ ರಾಜ್ಯದಲ್ಲಿ ಸಾಕಷ್ಟಿದ್ದಾರೆ. ಅದೇ ದಿನ ಗರ್ಭಪಾತದ ಹಕ್ಕನ್ನು ರಾಜ್ಯ ಸಂವಿಧಾನದಲ್ಲಿ ಸೇರಿಸುವ ಪ್ರಸ್ತಾವಕ್ಕೆ ಮೊಂಟಾನಾದ ಜನ ಸುಮಾರು ಶೇ. 58ರಷ್ಟು ಒಪ್ಪಿಗೆ ಕೊಟ್ಟರು. ಒಂದೇ ಮತಪತ್ರದಲ್ಲಿ ಟ್ರಂಪ್ ಅವರಿಗೂ ಮತ, ಆ ಪ್ರಸ್ತಾವಕ್ಕೂ ಮತ. ಇಂಥ ಮತದಾರರನ್ನು ಕುರುಡು ನಂಬಿಕೆಯವರು ಎನ್ನಲು ಬರುವುದಿಲ್ಲ.

ಪೆರ್ಲದ ಓದುಗ:

ಮೂವರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಮತದಾರರನ್ನು ಕೀಳಾಗಿ ಕಾಣುವ ಧ್ವನಿ ನನ್ನ ಮಂಡನೆಯಲ್ಲಿ ಬಾರದಂತೆ ಖಂಡಿತ ನೋಡಿಕೊಳ್ಳುತ್ತೇನೆ.

ಮಾಸ್ಟ್ರೇ, ಇನ್ನೊಂದು ಸಂದೇಹ. ಟೆಸ್ಟರ್ 2024ರ ಜುಲೈಯಲ್ಲಿ ಬೈಡನ್ ಅವರು ಕಣದಿಂದ ಸರಿಯಬೇಕೆಂದು ಬಹಿರಂಗವಾಗಿ ಹೇಳಿದರು, ಪಕ್ಷದ ಶಿಕಾಗೊ ಸಮಾವೇಶಕ್ಕೆ ಹೋಗಲಿಲ್ಲ, ಹ್ಯಾರಿಸ್ ಅವರಿಗೆ ಬೆಂಬಲವನ್ನೂ ಘೋಷಿಸಲಿಲ್ಲ. ಪಕ್ಷದಿಂದ ಇಷ್ಟು ದೂರ ನಿಂತರೂ ಪಕ್ಷದ ಭಾರ ಅವರ ಮೇಲೆ ಬಿತ್ತು. ಹಾಗಾದರೆ ಪಕ್ಷವನ್ನೇ ಬಿಟ್ಟು ನಿಲ್ಲುವುದು ಸಾಧ್ಯವಿರಲಿಲ್ಲವೇ? ನಮ್ಮ ಮಂಜೇಶ್ವರದಿಂದ 1957ರಲ್ಲಿ ಎಂ. ಉಮೇಶ ರಾಯರು ಪಕ್ಷೇತರರಾಗಿ ಅವಿರೋಧವಾಗಿಯೇ ಕೇರಳದ ಮೊದಲ ವಿಧಾನಸಭೆಗೆ ಹೋದರು. ಆಮೇಲೆ ಕಳ್ಳಿಗೆ ಮಹಾಬಲ ಭಂಡಾರಿಯವರು ಕನ್ನಡದ ಪ್ರಶ್ನೆಯನ್ನೇ ಮುಂದಿಟ್ಟು ಗೆದ್ದರು.

ಕುಂಬಳೆಯ ನಿವೃತ್ತ ಅಧ್ಯಾಪಕ:

ಒಳ್ಳೆಯ ಪ್ರಶ್ನೆ. ದೂರ ನಿಂತದ್ದು ಏಕೆ ಸಾಲಲಿಲ್ಲವೆಂದರೆ, ಸೆನೆಟಿನಲ್ಲಿ ಬಹುಮತ ಯಾರದ್ದು ಎಂಬುದೇ ಆ ಚುನಾವಣೆಯ ನಿಜವಾದ ವಿಷಯವಾಗಿತ್ತು. ಆಗ ಡೆಮಾಕ್ರಾಟಿಕ್ ಬಣಕ್ಕೆ ಇದ್ದದ್ದು 51–49ರ ಮುನ್ನಡೆ. ಟೆಸ್ಟರ್ ವೈಯಕ್ತಿಕವಾಗಿ ಎಷ್ಟೇ ಸ್ವತಂತ್ರವಾಗಿ ನಡೆದರೂ, ಸದನದ ನಾಯಕ ಯಾರು, ಸಮಿತಿಗಳ ಅಧ್ಯಕ್ಷರು ಯಾರು ಎಂದು ತೀರ್ಮಾನಿಸುವಾಗ ಅವರ ಒಂದು ಸ್ಥಾನ ಪಕ್ಷದ ಲೆಕ್ಕಕ್ಕೇ ಸೇರುತ್ತದೆ. ಎದುರಾಳಿಗಳು ಹೇಳಿದ್ದೂ ಇದನ್ನೇ. ಅದೇ ವರ್ಷ ಒಹಾಯೊದಲ್ಲಿ ಶೆರಾಡ್ ಬ್ರೌನ್ ಸೋತರು. ವೆಸ್ಟ್ ವರ್ಜೀನಿಯಾದಲ್ಲಿ ಜೋ ಮ್ಯಾಂಚಿನ್ ಕಣಕ್ಕೇ ಇಳಿಯಲಿಲ್ಲ. ಟ್ರಂಪ್ ಗೆಲ್ಲುತ್ತ ಬಂದ ರಾಜ್ಯಗಳಲ್ಲಿ ಡೆಮಾಕ್ರಾಟಿಕ್ ಬಣದ ಸೆನೆಟರುಗಳಾಗಿ ಉಳಿದಿದ್ದ ಮೂವರೂ ಹೀಗೆ ಒಟ್ಟಿಗೇ ಹೊರಬಿದ್ದರು. ಈ ಮೂವರೂ ಹಿಂದೆ ತಮ್ಮ ರಾಜ್ಯದವರ ವಿಶ್ವಾಸ ಗಳಿಸಿದ್ದವರೇ.

ಹಣದ ಮಾತನ್ನೂ ಹೇಳಬೇಕು. ಸುಮಾರು 6 ಲಕ್ಷ ಮಂದಿ ಮತ ಹಾಕಿದ ಆ ಸ್ಪರ್ಧೆಯಲ್ಲಿ ಎರಡೂ ಕಡೆ ಸೇರಿ 20 ಕೋಟಿ ಡಾಲರಿಗಿಂತ ಹೆಚ್ಚು ಖರ್ಚಾಯಿತು. ಒಂದು ಮತಕ್ಕೆ 300 ಡಾಲರಿಗೂ ಮೇಲೆ ಬಿತ್ತು. ಇದು ಮೊಂಟಾನಾಕ್ಕೆ ಹಳೆಯ ಗಾಯ. ಸೆನೆಟರುಗಳನ್ನು ರಾಜ್ಯದ ಶಾಸಕರು ಆರಿಸುತ್ತಿದ್ದ ಕಾಲದಲ್ಲಿ, ನಮ್ಮ ರಾಜ್ಯಸಭೆಗೆ ಇಂದೂ ಆರಿಸುವಂತೆ, ತಾಮ್ರದ ಗಣಿಗಳ ಒಡೆಯ ವಿಲಿಯಂ ಕ್ಲಾರ್ಕ್ ಶಾಸಕರಿಗೆ ಲಂಚ ಕೊಟ್ಟು 1899ರಲ್ಲಿ ಸೆನೆಟಿಗೆ ಆಯ್ಕೆಯಾಗಿ, ಹಗರಣ ಬಯಲಾದ ಮೇಲೆ 1900ರಲ್ಲಿ ರಾಜೀನಾಮೆ ಕೊಡಬೇಕಾಯಿತು. ಜನರೇ ನೇರವಾಗಿ ಸೆನೆಟರನ್ನು ಆರಿಸುವಂತೆ 1913ರಲ್ಲಿ ಸಂವಿಧಾನಕ್ಕೆ ತಿದ್ದುಪಡಿಯಾಗಲು ಇಂಥ ಪ್ರಕರಣಗಳು ಕಾರಣ. ಕಂಪನಿಗಳು ಚುನಾವಣೆಗೆ ಹಣ ಸುರಿಯಬಾರದೆಂದು 1912ರಲ್ಲಿಯೇ ಮೊಂಟಾನಾದ ಜನ ಮತ ಹಾಕಿ ಕಾನೂನು ತಂದಿದ್ದರು. ನೂರು ವರ್ಷ ಬಾಳಿದ ಆ ಕಾನೂನನ್ನು 2012ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಊರ್ಜಿತವಲ್ಲವೆಂದು ಹೇಳಿತು. ನನಗೆ ಇಡೀ ಕಥೆಯಲ್ಲಿ ಅತ್ಯಂತ ನೋವು ತರುವ ಭಾಗ ಇದು.

ಇನ್ನು ಪಕ್ಷೇತರರ ವಿಚಾರ. ಆ ಪ್ರಯೋಗ ಅದೇ ವರ್ಷ ನೆಬ್ರಾಸ್ಕದಲ್ಲಿ ನಡೆಯಿತು. ಕಾರ್ಖಾನೆಯ ಮೆಕ್ಯಾನಿಕ್ ಆಗಿದ್ದು, 2021ರಲ್ಲಿ ಒಮಾಹಾದ ಕೆಲ್ಲಾಗ್ಸ್ ಘಟಕದ ಮುಷ್ಕರವನ್ನು ಮುನ್ನಡೆಸಿದ ಡ್ಯಾನ್ ಆಸ್ಬೋರ್ನ್ ಪಕ್ಷೇತರರಾಗಿ ನಿಂತರು. ಡೆಮಾಕ್ರಾಟಿಕ್ ಪಕ್ಷ ಅಲ್ಲಿ ಅಭ್ಯರ್ಥಿಯನ್ನೇ ಹಾಕಲಿಲ್ಲ. ಹ್ಯಾರಿಸ್ ಅವರಿಗೆ ಸುಮಾರು ಶೇ. 39 ಬಂದ ಆ ರಾಜ್ಯದಲ್ಲಿ ಆಸ್ಬೋರ್ನ್ ಅವರಿಗೆ ಸುಮಾರು ಶೇ. 46.5 ಬಂತು. ಮೂರು ಅವಧಿಯ ಕೆಲಸವನ್ನು ತೋರಿಸಿ ಟೆಸ್ಟರ್ ಗಳಿಸಿದ ಮುನ್ನಡೆಯನ್ನು, ಹಿಂದೆಂದೂ ಅಧಿಕಾರದಲ್ಲಿರದ ಒಬ್ಬ ಕಾರ್ಮಿಕ, ಪಕ್ಷದ ಹೆಸರಿಲ್ಲದೆಯೇ, ಗಳಿಸಿದರು. ಆದರೆ ಆಗಿನ ಹಾಲಿ ಸೆನೆಟರ್, ರಿಪಬ್ಲಿಕನ್ ಪಕ್ಷದ ಡೆಬ್ ಫಿಶರ್ ಅವರೇ ಗೆದ್ದರು. ಆಸ್ಬೋರ್ನ್ ಗೆಲ್ಲಲು ಆ ಪಕ್ಷದ ಮತದಾರರಲ್ಲಿ ಇನ್ನೂ ಕೆಲವರು ಬರಬೇಕಿತ್ತು, ಬರಲಿಲ್ಲ.

ಟೆಸ್ಟರ್ ಹಾಗೆ ನಿಂತಿದ್ದರೆ ಮೊಂಟಾನಾದ ಡೆಮಾಕ್ರಾಟಿಕ್ ಪಕ್ಷ ಸುಮ್ಮನಿರುತ್ತಿತ್ತೇ ಎಂಬುದು ಬೇರೆ ಪ್ರಶ್ನೆ. ಸುಮ್ಮನಿರದಿದ್ದರೆ ಮತ ಹಂಚಿಹೋಗುವ ಪೆಟ್ಟು ಈ ಸಲ ಅವರಿಗೇ ಬೀಳುತ್ತಿತ್ತು. ಉಮೇಶ ರಾಯರ ಕಾಲದಲ್ಲಿ ಗಡಿಯ ಪ್ರಶ್ನೆ ಪಕ್ಷಗಳ ಪ್ರಶ್ನೆಗಿಂತ ದೊಡ್ಡದಾಗಿ ನಿಂತಿತ್ತು. ಮೊಂಟಾನಾದಲ್ಲಿ 2024ರಲ್ಲಿ ಅಂಥ ಬೇರೊಂದು ಪ್ರಶ್ನೆ ಇರಲಿಲ್ಲ. ನಿಮ್ಮ ಮಂಡನೆಯಲ್ಲಿ ಟೆಸ್ಟರ್ ಮತ್ತು ಆಸ್ಬೋರ್ನ್ ಇಬ್ಬರ ಅಂಕಿಗಳನ್ನೂ ಒಂದೇ ಹಲಗೆಯ ಮೇಲೆ ಬರೆದಿಡಿ. ಆಸ್ಬೋರ್ನ್ 2026ರ ಸೆನೆಟ್ ಚುನಾವಣೆಗೆ ಮತ್ತೆ ಪಕ್ಷೇತರರಾಗಿ, ಈ ಬಾರಿ ಪೀಟ್ ರಿಕೆಟ್ಸ್ ಅವರ ಎದುರು ಸ್ಪರ್ಧೆ ಘೋಷಿಸಿದವರು ಎಂಬುದನ್ನೂ ಕೇಳುಗರಿಗೆ ತಿಳಿಸಿ.