ಸಹಾಯ ಬೇಕು: ಹಿಂದಿ ಯೂನಿಕೋಡ್‌ನಿಂದ ಕೃತಿದೇವ್ 010ಕ್ಕೆ, ರೇಫದ ಜಾಗ ತಪ್ಪುತ್ತಿದೆ

ಪೇಜ್‌ಮೇಕರ್‌ನಲ್ಲಿ ಹಿಂದಿ ಪಠ್ಯ ಕೂರಿಸಲು ಪೈಥಾನ್‌ನಲ್ಲಿ ಕೃತಿದೇವ್ 010 ಪರಿವರ್ತಕ ಬರೆಯುತ್ತಿದ್ದೇವೆ. ಇದು ಯೂನಿಕೋಡ್ ಅಲ್ಲದ ಹಳೆಯ ಹಿಂದಿ ಫಾಂಟ್, ಚಿಹ್ನೆಗಳನ್ನು ಕಣ್ಣಿಗೆ ಕಾಣುವ ಕ್ರಮದಲ್ಲೇ ಇಡಬೇಕು. ರೇಫದ (ಅಕ್ಷರದ ತಲೆಯ ಮೇಲೆ ಬರುವ ಅರ್ಧ ರಕಾರದ ಗುರುತು) ಹತ್ತಿರ ಸಿಕ್ಕಿಕೊಂಡಿದೆ, ಬಲ್ಲವರು ದಯವಿಟ್ಟು ನೋಡಿ.

ಹ್ರಸ್ವ ಇಕಾರ ಸರಿಯಾಗಿದೆ. ‘ಶಕ್ತಿ’ಯ ಕೊನೆಯ ಮಾತ್ರೆಯನ್ನು (ಸ್ವರಚಿಹ್ನೆಯನ್ನು) ಬರೀ ತಕಾರದ ಹಿಂದಕ್ಕಲ್ಲ, ಅರ್ಧ ಕಕಾರಕ್ಕಿಂತಲೂ ಹಿಂದಕ್ಕೆ ಒಯ್ಯುತ್ತೇವೆ. ವಿರಾಮಚಿಹ್ನೆಯೂ ಸರಿಹೋಯಿತು. ಕೃತಿದೇವ್‌ನಲ್ಲಿ ಅಲ್ಪವಿರಾಮದ ಕೀಲಿ ಒತ್ತಿದರೆ ಬರುವುದು ‘ಏ’. ನಿಜವಾದ ಅಲ್ಪವಿರಾಮ ಇರುವುದು ಮುಚ್ಚುವ ಚೌಕ ಆವರಣದ ಕೀಲಿಯಲ್ಲಿ. ಒಂದಾದ ಮೇಲೊಂದು ರಿಪ್ಲೇಸ್ ಮಾಡಿದರೆ ಪಠ್ಯದ ‘ಏ’ಗಳೆಲ್ಲ ಅಲ್ಪವಿರಾಮವಾಗಿಬಿಡುತ್ತವೆ. ಅದಕ್ಕೇ ಎಲ್ಲವನ್ನೂ ಒಂದೇ ಸುತ್ತಿನಲ್ಲಿ ಬದಲಿಸುತ್ತಿದ್ದೇವೆ.

ನುಕ್ತಾ (ಅಕ್ಷರದ ಕೆಳಗಿನ ಚುಕ್ಕೆ) ಇರುವ ಡಕಾರ ಯೂನಿಕೋಡ್‌ನಲ್ಲಿ ಎರಡು ಬಗೆಯಲ್ಲಿ ಬರುತ್ತದೆ: ಒಂದೇ ಸಂಕೇತವಾಗಿ, ಇಲ್ಲವೇ ಡಕಾರ, ನುಕ್ತಾ ಎಂದು ಬಿಡಿಯಾಗಿ. ಮೊದಲೇ ಎನ್‌ಎಫ್‌ಸಿ (ಬೇರೆ ಬೇರೆ ರೂಪಗಳನ್ನು ಒಂದೇ ಮಾಡುವ ಯೂನಿಕೋಡ್ ಕ್ರಮ) ಮಾಡಿದರೆ ಎರಡೂ ಬಿಡಿಸಿದ ರೂಪಕ್ಕೆ ಬರುತ್ತವೆ, ಕೋಷ್ಟಕದಲ್ಲಿ ಅದೊಂದೇ ಸಾಕು.

ಉಳಿದದ್ದು ರೇಫ. ‘ವರ್ಷೋಂ’ ಪದದಲ್ಲಿ ಅದು ಷಕಾರ, ಓ ಮಾತ್ರೆ ಎರಡನ್ನೂ ದಾಟಿ ಅನುಸ್ವಾರದ ಮುಂಚೆ ನಿಲ್ಲಬೇಕು. ನಮ್ಮದು ಷಕಾರಕ್ಕೇ ಅಂಟಿಕೊಳ್ಳುತ್ತದೆ. ‘ಆರ್ಥಿಕ’ದಲ್ಲಿ ಇಕಾರ ಥಕಾರದ ಹಿಂದಕ್ಕೆ, ರೇಫ ಮುಂದಕ್ಕೆ ಹೋಗಬೇಕು. ಎರಡಕ್ಕೂ ಹೊಂದುವ ರೆಜೆಕ್ಸ್ (ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ) ಯಾರ ಬಳಿಯಾದರೂ ಇದೆಯೇ? ಕನ್ನಡದ ನುಡಿ ಫಾಂಟಿಗೆ ಪರಿವರ್ತಕ ಬರೆದವರು ಅರ್ಕಾವತ್ತನ್ನು ಹೀಗೆಯೇ ಸರಿಸಿರುತ್ತೀರಿ, ಆ ಕೋಡ್ ಕೊಟ್ಟರೂ ತುಂಬ ಉಪಕಾರ.