ಸೆಮಿನಾರಿನಲ್ಲಿ ಇಂಗ್ಲಿಷ್ ಮಾತು ನಡುವೆಯೇ ನಿಂತುಹೋಗುತ್ತದೆ, ಏನು ಮಾಡಲಿ?

ಪಾವಗಡದ ವಿದ್ಯಾರ್ಥಿನಿ (ಪ್ರಶ್ನೆ):
ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೇನೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತವಳು. ಸಂಶೋಧನಾ ಲೇಖನಗಳನ್ನು ಇಂಗ್ಲಿಷಿನಲ್ಲಿ ಓದಿ ಅರ್ಥ ಮಾಡಿಕೊಳ್ಳುತ್ತೇನೆ, ಪರೀಕ್ಷೆಯನ್ನೂ ಬರೆಯುತ್ತೇನೆ. ಆದರೆ ಕಳೆದ ತಿಂಗಳು ನಮ್ಮ ತಾಲ್ಲೂಕಿನ ಕೊಳವೆಬಾವಿ ನೀರಿನ ಫ್ಲೋರೈಡ್ ಕುರಿತು ಸೆಮಿನಾರ್ ಕೊಡುವಾಗ, ಬಾಯಿಪಾಠ ಮಾಡಿದ್ದರಲ್ಲಿ ಒಂದು ಪದ ಮರೆತ ಕೂಡಲೇ ಮುಂದಿನದೆಲ್ಲ ಮರೆತುಹೋಗಿ, ಕೊನೆಗೆ ಸ್ಲೈಡಿನಲ್ಲಿದ್ದುದನ್ನೇ ಓದಿ ಮುಗಿಸಿದೆ. ಪ್ರಾಜೆಕ್ಟ್ ವೈವಾಕ್ಕೆ, ಅಂದರೆ ಮೌಖಿಕ ಪರೀಕ್ಷೆಗೆ, ಇನ್ನು ನಾಲ್ಕು ತಿಂಗಳಿದೆ. ವ್ಯಾಕರಣದ ಪುಸ್ತಕವನ್ನು ಮೊದಲಿನಿಂದ ಓದಿದರೆ ಸರಿಹೋಗುತ್ತದೆಯೇ?

ಇಂಗ್ಲಿಷ್ ಉಪನ್ಯಾಸಕಿ, ಕೋಲಾರ:
ವ್ಯಾಕರಣದ ಪುಸ್ತಕ ಬೇಡಮ್ಮ. ಇಂಗ್ಲಿಷಿನಲ್ಲಿ ಪರೀಕ್ಷೆ ಬರೆಯಬಲ್ಲವರಿಗೆ ಮಾತಿನಲ್ಲಿ ಅಡ್ಡಬರುವುದು ಹೆಚ್ಚಾಗಿ ವಾಕ್ಯದ ಜೋಡಣೆ ಎಂಬುದು ನನ್ನ ಅನುಭವ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ವಿಶೇಷಣವೆಲ್ಲ ನಾಮಪದಕ್ಕಿಂತ ಮೊದಲೇ ಬಂದು ಕೂರುತ್ತದೆ. ‘ಬೇಸಿಗೆಯಲ್ಲಿ ಮೂರು ಹಳ್ಳಿಗಳ ಕೊಳವೆಬಾವಿಗಳಿಂದ ನಾವು ತಂದ ನೀರು’ ಎಂದು ಮನಸ್ಸಿನಲ್ಲಿ ಕಟ್ಟಿಕೊಂಡು ಇಂಗ್ಲಿಷಿಗೆ ತಿರುಗಿಸಲು ಹೊರಟರೆ, ಅಲ್ಲಿ ನೀರು ಮೊದಲು ಬರಬೇಕು, ಉಳಿದದ್ದು ಅದರ ಹಿಂದೆ ಬರಬೇಕು; ಇದನ್ನೆಲ್ಲ ತಲೆಕೆಳಗು ಮಾಡುವಷ್ಟರಲ್ಲಿ ನಾಲಿಗೆ ನಿಲ್ಲುತ್ತದೆ. ಹಾಗಾಗಿ ‘ವಿ ಕಲೆಕ್ಟೆಡ್ ವಾಟರ್ ಫ್ರಮ್ ತ್ರೀ ವಿಲೇಜಸ್. ವಿ ಡಿಡ್ ದಿಸ್ ಇನ್ ಸಮ್ಮರ್’ ಎಂದು ಒಂದು ವಾಕ್ಯಕ್ಕೆ ಒಂದೇ ಸಂಗತಿಯನ್ನು ಇಟ್ಟು ಹೇಳಿ. ಗಿಡ್ಡ ವಾಕ್ಯ ಹೇಳಿದರೆ ಓದಿದವರಂತೆ ಕಾಣುವುದಿಲ್ಲ ಎಂಬ ಸಂಕೋಚ ನಮ್ಮ ಮಕ್ಕಳಲ್ಲಿ ಬಹಳವಿದೆ. ಅದನ್ನು ದಯವಿಟ್ಟು ಬಿಡಿ.

ಇನ್ನೊಂದು, ಪದದ ಮೇಲಿನ ಒತ್ತು. ಕನ್ನಡದಲ್ಲಿ ಯಾವ ಅಕ್ಷರವನ್ನು ಒತ್ತಿ ಹೇಳಿದರೂ ಪದ ಅದೇ ಆಗಿರುತ್ತದೆ. ಇಂಗ್ಲಿಷಿನಲ್ಲಿ ಒತ್ತು ತಪ್ಪಿದರೆ ಕೇಳುವವರಿಗೆ ಪದವೇ ಗುರುತು ಸಿಗದೆ ಹೋಗಬಹುದು. ನೀವು ದಿನವೂ ಬಳಸುವ ಪದಗಳನ್ನೇ ನೋಡಿ: ‘ಅನಲೈಸ್’ ಎನ್ನುವಾಗ ಒತ್ತು ಮೊದಲ ಭಾಗದ ಮೇಲೆ, ‘ಅನಾಲಿಸಿಸ್’ ಎನ್ನುವಾಗ ಎರಡನೆಯದರ ಮೇಲೆ, ‘ಅನಲಿಟಿಕಲ್’ ಎನ್ನುವಾಗ ಮೂರನೆಯದರ ಮೇಲೆ. ನಿಘಂಟಿನ ಉಚ್ಚಾರಣೆಯಲ್ಲಿ ಒತ್ತು ಬೀಳುವ ಭಾಗದ ಮುಂಚೆ ಚಿಕ್ಕ ನಿಲುವು ಗೆರೆ ಇರುತ್ತದೆ. ನಿಮ್ಮ ವಿಷಯದ ಐವತ್ತು ಪದಗಳಿಗೆ ಅದನ್ನು ನೋಡಿ ಬರೆದಿಟ್ಟುಕೊಳ್ಳಿ. ‘ಟೆಸ್ಟು’, ‘ರಿಸಲ್ಟು’ ಎಂದು ಕೊನೆಗೆ ಉಕಾರ ಸೇರದಂತೆಯೂ ಗಮನವಿರಲಿ. ವಿಲಾಯಿತಿಯವರ ಧಾಟಿಯನ್ನು ಅನುಕರಿಸುವ ಅಗತ್ಯ ಖಂಡಿತ ಇಲ್ಲ.

ಸಂಶೋಧನಾ ವಿದ್ಯಾರ್ಥಿ, ಚಿಕ್ಕಬಳ್ಳಾಪುರ:
ಮೇಡಂ ಹೇಳಿದ್ದನ್ನು ಒಪ್ಪುತ್ತೇನೆ. ಆದರೂ ಬಾಯಿಪಾಠವನ್ನು ಪೂರ್ತಿ ಬಿಡಬೇಡಿ. ಮೊದಲ ಎರಡು ವಾಕ್ಯಗಳು ಬಾಯಿಗೆ ಬರುವಂತಿದ್ದರೆ ಎದೆಬಡಿತ ಇಳಿಯುವಷ್ಟು ಸಮಯ ಸಿಗುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾನಿಲಯ 2008ರಲ್ಲಿ ಆರಂಭಿಸಿದ ‘ತ್ರೀ ಮಿನಿಟ್ ಥೀಸಿಸ್’ ಸ್ಪರ್ಧೆಯಲ್ಲಿ ಸಂಶೋಧಕರು ತಮ್ಮ ಇಡೀ ಪ್ರಬಂಧವನ್ನು 3 ನಿಮಿಷದಲ್ಲಿ, ಒಂದೇ ಸ್ಲೈಡ್ ಇಟ್ಟುಕೊಂಡು ವಿವರಿಸಬೇಕು. ನಾನು ವಾರಕ್ಕೆರಡು ಬಾರಿ ಹಾಗೆಯೇ ಮಾತಾಡಿ ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕೇಳುತ್ತಿದ್ದೆ. ಯಾವ ಮಾತು ಅನಗತ್ಯವೆಂದು ಅದರಿಂದ ತಿಳಿಯಿತು. ನಿಮ್ಮ ವಿಷಯವನ್ನು ಫ್ಲೋರೈಡಿನ ವ್ಯಾಖ್ಯೆಯಿಂದ ಆರಂಭಿಸಬೇಡಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನೀವು ತಂದ ನೀರಿನಲ್ಲಿ ಎಷ್ಟಿತ್ತು ಎಂಬುದನ್ನು ಅದರ ಪಕ್ಕದಲ್ಲಿಟ್ಟು ಆರಂಭಿಸಿ.

ಪಾವಗಡದ ವಿದ್ಯಾರ್ಥಿನಿ:
ಇಬ್ಬರಿಗೂ ಧನ್ಯವಾದಗಳು. ಇಂದೇ ಪದಗಳ ಪಟ್ಟಿ ಆರಂಭಿಸುತ್ತೇನೆ. ಮೇಡಂ, ಪ್ರಶ್ನೆಯೇ ಅರ್ಥವಾಗದಿದ್ದರೆ ಏನು ಮಾಡಬೇಕು? ನನಗೆ ಹೆಚ್ಚು ಭಯ ಅದರದ್ದೇ.

ಇಂಗ್ಲಿಷ್ ಉಪನ್ಯಾಸಕಿ, ಕೋಲಾರ:
ಅರ್ಥವಾದಂತೆ ತಲೆಯಾಡಿಸಬೇಡಿ. ‘ಆರ್ ಯು ಆಸ್ಕಿಂಗ್ ಅಬೌಟ್ ದ ಮೆಥಡ್, ಆರ್ ದ ರಿಸಲ್ಟ್?’ ಎಂದು ತಿರುಗಿ ಕೇಳಿ. ಅವರು ಎರಡನೆಯ ಸಲ ಇನ್ನಷ್ಟು ಬಿಡಿಸಿ ಹೇಳುತ್ತಾರೆ, ನಿಮಗೂ ಯೋಚಿಸಲು ಸಮಯ ಸಿಗುತ್ತದೆ. ಹಾಸ್ಟೆಲಿನಲ್ಲಿ ಬೇರೆ ವಿಭಾಗದ ಇಬ್ಬರು ಗೆಳತಿಯರನ್ನು ಕೂರಿಸಿಕೊಂಡು, ತೋಚಿದ್ದನ್ನೆಲ್ಲ ಕೇಳುವಂತೆ ಹೇಳಿ. ರಸಾಯನಶಾಸ್ತ್ರ ಓದದವರ ಪ್ರಶ್ನೆಗಳಿಗೆ ಉತ್ತರಿಸುವುದೇ ಹೆಚ್ಚು ಕಷ್ಟ. ಅಭ್ಯಾಸಕ್ಕೆ ಅವೇ ಬೇಕು.