ಹಳೇ ಕಾಲೇಜಿನ ಫೀಸ್ ಬಾಕಿ ಇದೆ, ಮತ್ತೆ ಓದಬೇಕು – ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಆರು ವರ್ಷದ ಹಿಂದೆ ಡಿಗ್ರಿ ಅರ್ಧಕ್ಕೇ ಬಿಟ್ಟೆ. ಕಾರಣ ದೊಡ್ಡ ಕತೆ, ಇಲ್ಲಿ ಬೇಡ. ಬಿಡುತ್ತೇನೆ ಅಂತ ಒಂದು ಅರ್ಜಿಯನ್ನೂ ಕೊಡಲಿಲ್ಲ, ಸುಮ್ನೆ ಹೋಗುವುದನ್ನು ನಿಲ್ಲಿಸಿದೆ. ಅದೇ ದೊಡ್ಡ ತಪ್ಪಾಯಿತು. ಕ್ಲಾಸಿಗೆ ಹೋಗದಿದ್ದರೂ ಹೆಸರು ದಾಖಲೆಯಲ್ಲಿ ಉಳಿಯಿತು, ಆ ಸೆಮಿಸ್ಟರ್ ಫೀಸ್ ನನ್ನ ತಲೆ ಮೇಲೆ ಕೂತಿತು.

ಈಗ ಬೇರೆ ಕಾಲೇಜು ಸೇರಬೇಕು. ಅವರು ಹಳೆಯ ಅಂಕಪಟ್ಟಿ ಕೇಳುತ್ತಿದ್ದಾರೆ. ಹಳೆಯವರು ಬಾಕಿ ತೀರಿಸದೆ ಕೊಡುವುದಿಲ್ಲ ಅನ್ನುತ್ತಾರೆ. ಪಾಸಾದ ಮೂರು ಸೆಮಿಸ್ಟರ್ ಅಲ್ಲೇ ಸಿಕ್ಕಿಕೊಂಡಿವೆ.

ಮೊನ್ನೆ ಧೈರ್ಯ ಮಾಡಿ ಫೋನ್ ಮಾಡಿದೆ. ಆ ಕಡೆ ರಿಜಿಸ್ಟರ್ ಪುಟ ಮಗುಚುವ ಸದ್ದು, ಆಮೇಲೆ ಒಂದು ಮೊತ್ತ. ಫೀಸಿಗಿಂತ ದಂಡವೇ ಜಾಸ್ತಿ! ಯಾವುದಕ್ಕೆ ಎಷ್ಟು ಅಂತ ಬರೆದು ಕಳಿಸಿ ಅಂದರೆ, "ನೀವೇ ಬನ್ನಿ, ನೋಡೋಣ" ಅಂದರು.

ಇಂಥದ್ದನ್ನು ದಾಟಿ ಬಂದವರು ದಯವಿಟ್ಟು ಹೇಳಿ. ದಂಡ ಬಿಟ್ಟು ಬರೀ ಫೀಸ್ ಕಟ್ಟುತ್ತೇನೆ ಅಂದರೆ ಒಪ್ಪುತ್ತಾರಾ? ಪ್ರಿನ್ಸಿಪಾಲರಿಗೆ ಪತ್ರ ಬರೆಯುವುದೋ, ಅಕೌಂಟ್ಸ್‌ನವರ ಹತ್ತಿರವೇ ಮಾತಾಡುವುದೋ? ಕಂತಿಗೆ ಒಪ್ಪಿದರೆ ಮೊದಲ ಕಂತಿಗೇ ಅಂಕಪಟ್ಟಿ ಕೊಡುತ್ತಾರಾ, ಇಲ್ಲ ಕೊನೆಯದು ಕಟ್ಟುವ ತನಕ ಕಾಯಬೇಕಾ? ಏನೇ ಒಪ್ಪಿದರೂ ಬರಹದಲ್ಲಿ ತಗೋ, ರಸೀದಿ ಬಿಡಬೇಡ ಅಂತ ಗೆಳತಿ ಹೇಳಿದ್ದಾಳೆ. ಅದು ಸರಿ ಅನಿಸಿತು.

ಹಳೆಯದನ್ನು ಮುಚ್ಚಿಟ್ಟು ಮೊದಲನೇ ವರ್ಷದಿಂದ ಸೇರು ಅನ್ನುವವರೂ ಇದ್ದಾರೆ. ಅರ್ಜಿಯಲ್ಲಿ ಹಿಂದೆ ಎಲ್ಲಿ ಓದಿದ್ದೀರಿ ಅಂತ ಕೇಳಿದ್ದಾರೆ, ಸುಳ್ಳು ಬರೆಯಲು ಮನಸ್ಸಿಲ್ಲ. ಅರ್ಜಿಗೆ ಇನ್ನು ಮೂರು ವಾರ ಇದೆ.